ಹೆರಿಗೆ ಆಸ್ಪತ್ರೆಗೆ ಬಂತು, ತಾಯಂದಿರ ಸಾವು ಯಾಕೆ ನಿಂತಿಲ್ಲ? ಚಿಕ್ಕಬಳ್ಳಾಪುರದಿಂದ ಒಂದು ಲೆಕ್ಕ

ನಮ್ಮಕ್ಕನ ಎರಡನೇ ಹೆರಿಗೆ ಆದದ್ದು ನಮ್ಮ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, ರಾತ್ರಿ ಹನ್ನೊಂದರ ಸುಮಾರಿಗೆ. ಮಗು ಚೆನ್ನಾಗಿತ್ತು. ಭಾವ ಹೊರಗೆ ನಿಂತು ಊರಿಗೆಲ್ಲ ಫೋನ್ ಮಾಡ್ತಾ ಇದ್ರು. ಅರ್ಧ ಗಂಟೆ ಕಳೆದ ಮೇಲೆ ನರ್ಸ್ ಹೊರಗೆ ಬಂದು, ‘ಬ್ಲೀಡಿಂಗ್ ನಿಲ್ತಾ ಇಲ್ಲಮ್ಮ. ಇಲ್ಲಿ ರಕ್ತ ಇಲ್ಲ, ಅರಿವಳಿಕೆ ಡಾಕ್ಟ್ರೂ ಇಲ್ಲ. ಬೆಂಗ್ಳೂರಿಗೆ ಕರ್ಕೊಂಡು ಹೋಗ್ಬಿಡಿ’ ಅಂದರು. ಆ್ಯಂಬುಲೆನ್ಸಿನಲ್ಲಿ ಅಮ್ಮ ಅಕ್ಕನ ಕೈ ಹಿಡಿದು ಕೂತಿದ್ದಳು, ನಾನು ಮಗುವನ್ನು ಎತ್ತಿಕೊಂಡಿದ್ದೆ. ಅಕ್ಕ ಉಳಿದಳು. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತು ಅನ್ನೋದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಮಾತಾಡೋಲ್ಲ.

ಆಸ್ಪತ್ರೆಯ ಹೆಸರು ಬೇಡ. ಆ ನರ್ಸ್ ಇದ್ದದ್ದನ್ನೇ ಹೇಳಿದರು, ಬೇಗನೇ ಹೇಳಿದರು. ನಾನು ಕೇಳಬೇಕು ಅಂತಿರುವ ಪ್ರಶ್ನೆ ಬೇರೆ. ಇಪ್ಪತ್ತು ವರ್ಷಗಳಿಂದ ಸರ್ಕಾರ ನಮ್ಮ ಹೆಣ್ಣುಮಕ್ಕಳಿಗೆ ‘ಮನೆಯಲ್ಲಿ ಹೆರಬೇಡಿ, ಆಸ್ಪತ್ರೆಗೆ ಬನ್ನಿ’ ಅಂತ ಹೇಳಿತು. ಅವರು ಬಂದರು. ಬಂದ ಮೇಲೆ ಆಸ್ಪತ್ರೆಯಲ್ಲಿ ಏನಿತ್ತು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಓಡಾಡಿಕೊಂಡು ಬೆಳೆದವಳಾಗಿ ಈ ವಿಷಯವನ್ನು ಒಂದು ಕಡೆ ಜೋಡಿಸಿಡುವ ಪ್ರಯತ್ನ ಇದು.

‘ತಾಯಿ ಮರಣ’ ಅಂದರೆ ಯಾವುದು?

ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯಾನ ಹೀಗಿದೆ: ಗರ್ಭಿಣಿಯಾಗಿದ್ದಾಗ, ಹೆರಿಗೆಯ ಹೊತ್ತಿನಲ್ಲಿ, ಅಥವಾ ಗರ್ಭಾವಸ್ಥೆ ಮುಗಿದ 42 ದಿನಗಳ ಒಳಗೆ, ಗರ್ಭಾವಸ್ಥೆಗೆ ಸಂಬಂಧಿಸಿದ ಅಥವಾ ಅದರಿಂದ ಉಲ್ಬಣಿಸಿದ ಕಾರಣಕ್ಕೆ ಆಗುವ ಸಾವು. ಗರ್ಭಪಾತದ ನಂತರದ ಸಾವೂ ಇದರಲ್ಲಿ ಸೇರುತ್ತದೆ. ರಸ್ತೆ ಅಪಘಾತದಂತಹ ಸಾವು ಸೇರುವುದಿಲ್ಲ.

ಪ್ರತಿ 1 ಲಕ್ಷ ಜೀವಂತ ಜನನಕ್ಕೆ ಇಂತಹ ಎಷ್ಟು ಸಾವು ಎಂಬುದೇ ನಾವು ಸುದ್ದಿಯಲ್ಲಿ ಓದುವ ಎಂಎಂಆರ್. ಭಾರತದಲ್ಲಿ ಈ ಅಂಕಿಯನ್ನು ಕೊಡುವುದು ರಿಜಿಸ್ಟ್ರಾರ್ ಜನರಲ್ ಕಚೇರಿಯ ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್‌ಆರ್‌ಎಸ್. ತಾಯಿ ಮರಣ ಸಂಖ್ಯೆಯ ದೃಷ್ಟಿಯಿಂದ ಅಪರೂಪದ ಘಟನೆ. ಹಾಗಾಗಿ ಮೂರು ವರ್ಷಗಳ ಮಾಹಿತಿಯನ್ನು ಒಟ್ಟು ಮಾಡಿ ರಾಜ್ಯಮಟ್ಟದ ಅಂದಾಜು ಕೊಡುತ್ತಾರೆ. ಜಿಲ್ಲೆಗೊಂದು ಎಂಎಂಆರ್ ಅನ್ನು ಎಸ್‌ಆರ್‌ಎಸ್ ಕೊಡುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಳಿಕೆ ನಿಜ, ಹೋಲಿಕೆಯೂ ನಿಜ

2001-03ರಲ್ಲಿ ಕರ್ನಾಟಕದ ಎಂಎಂಆರ್ 228 ಇತ್ತು. 2007-09ಕ್ಕೆ 178, 2011-13ಕ್ಕೆ 133, 2014-16ಕ್ಕೆ 108, 2018-20ಕ್ಕೆ 69. ಅದೇ ಅವಧಿಯಲ್ಲಿ ಇಡೀ ದೇಶದ ಅಂಕಿ 301ರಿಂದ 97ಕ್ಕೆ ಬಂತು. 2030ರೊಳಗೆ 70ಕ್ಕಿಂತ ಕೆಳಗೆ ಇಳಿಸಬೇಕು ಎಂಬ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಯ ಅಂಕಿಯನ್ನು ಕರ್ನಾಟಕ ಹತ್ತು ವರ್ಷ ಮೊದಲೇ ಮುಟ್ಟಿತು. ಇದು ಸಣ್ಣ ಸಾಧನೆ ಅಲ್ಲ.

ಈ ಇಳಿಕೆಯ ಹಿಂದೆ ಒಂದು ಕಾರ್ಯಕ್ರಮ ಇಲ್ಲ, ಹಲವು ಇವೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಜನನಿ ಸುರಕ್ಷಾ ಯೋಜನೆ ಬಂದವು, ಜೊತೆಗೆ ಊರಿಗೊಬ್ಬರು ಆಶಾ. ಆಮೇಲೆ ರಾಜ್ಯದ ಮಡಿಲು ಕಿಟ್, ತಾಯಿ ಭಾಗ್ಯ. 2008ರ ನವೆಂಬರ್ 1ರಂದು 108 ಆರೋಗ್ಯ ಕವಚ ಆ್ಯಂಬುಲೆನ್ಸ್. 2011ರಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆಯನ್ನು ಸಂಪೂರ್ಣ ಉಚಿತ ಮಾಡಿದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ. 2017ರಲ್ಲಿ ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಹೊತ್ತಿಗೆ ಕರ್ನಾಟಕದ ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು.

ಈಗ ಅಕ್ಕಪಕ್ಕ ನೋಡಿ. ಅದೇ 2018-20ರಲ್ಲಿ ಕೇರಳ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯ ಸ್ಥಾನ ನಮ್ಮದು. ಐಟಿ, ಜಿಎಸ್‌ಟಿ, ತಲಾ ಆದಾಯ ಅಂತ ಎದೆ ತಟ್ಟಿಕೊಳ್ಳುವಾಗ ಈ ಪಟ್ಟಿಯನ್ನು ಯಾರೂ ತೋರಿಸುವುದಿಲ್ಲ.

ಜಿಲ್ಲೆಯ ಲೆಕ್ಕ: ಹದಿನಾಲ್ಕು ಮತ್ತು ನಾಲ್ಕು

ಕೋಲಾರದಿಂದ ಬೇರೆಯಾಗಿ 2007ರಲ್ಲಿ ಹುಟ್ಟಿದ ಜಿಲ್ಲೆ ನಮ್ಮದು. 2011ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 12.55 ಲಕ್ಷ. ಕರ್ನಾಟಕದ ಜನನ ಪ್ರಮಾಣ ಸಾವಿರಕ್ಕೆ 16ರ ಆಸುಪಾಸು. ಆ ಲೆಕ್ಕದಲ್ಲಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 20 ಸಾವಿರ ಮಕ್ಕಳು ಹುಟ್ಟುತ್ತಾರೆ. ರಾಜ್ಯದ 69 ಎಂಬ ಪ್ರಮಾಣವನ್ನೇ ಇಲ್ಲಿಗೆ ಅನ್ವಯಿಸಿದರೆ ವರ್ಷಕ್ಕೆ ಸುಮಾರು 14 ತಾಯಂದಿರು. ಕೇರಳದ 19 ಅನ್ವಯಿಸಿದರೆ ಸುಮಾರು 4.

ಇದು ಕೈಲೆಕ್ಕ, ಅಧಿಕೃತ ಅಂಕಿ ಅಲ್ಲ. ಜಿಲ್ಲೆಯ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೋ ಕಡಿಮೆಯೋ ಇರಬಹುದು. ಆದರೆ ವಿಷಯದ ಗಾತ್ರ ಎಷ್ಟು ಅನ್ನೋದು ಇದರಿಂದ ತಿಳಿಯುತ್ತದೆ. 14 ಅಂದರೆ ಒಂದು ಹಾಳೆಯಲ್ಲಿ ಬರೆದಿಡಬಹುದಾದಷ್ಟು ಹೆಸರುಗಳು. ಒಬ್ಬೊಬ್ಬರ ವಿಷಯದಲ್ಲೂ ಯಾವ ಹೊತ್ತಿಗೆ ನೋವು ಶುರುವಾಯಿತು, ಗಾಡಿ ಯಾವಾಗ ಬಂತು, ಡ್ಯೂಟಿಯಲ್ಲಿ ಯಾರಿದ್ದರು, ರಕ್ತ ಎಲ್ಲಿಂದ ಬರಬೇಕಿತ್ತು ಅಂತ ಕೂತು ಕೇಳಬಹುದಾದಷ್ಟು ಸಣ್ಣ ಸಂಖ್ಯೆ. ‘ಇಷ್ಟು ದೊಡ್ಡ ದೇಶದಲ್ಲಿ ಏನು ಮಾಡೋಕಾಗುತ್ತೆ’ ಅನ್ನುವ ಮಾತು ಜಿಲ್ಲೆಯ ಮಟ್ಟಕ್ಕೆ ಬಂದಾಗ ನಡೆಯುವುದಿಲ್ಲ. ನಮಗೂ ಕೇರಳಕ್ಕೂ ಇರುವ ಅಂತರ ಇಲ್ಲಿ ವರ್ಷಕ್ಕೆ ಹತ್ತು ಮನೆಗಳು.

ಯಾವುದರಿಂದ ಸಾಯುತ್ತಾರೆ?

ಪ್ರಪಂಚದಲ್ಲಿ 2023ರಲ್ಲಿ ಸುಮಾರು 2.6 ಲಕ್ಷ ಮಹಿಳೆಯರು ಈ ರೀತಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಫ್ರಿಕಾ ಇರಲಿ, ನಮ್ಮ ಚಿಂತಾಮಣಿ ಇರಲಿ, ಮುಖ್ಯ ಕಾರಣಗಳ ಪಟ್ಟಿ ಹೆಚ್ಚು ಕಡಿಮೆ ಒಂದೇ.

ಮೊದಲನೆಯದು ರಕ್ತಸ್ರಾವ. ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ಕುಗ್ಗದೇ ಸಡಿಲವಾಗಿ ಉಳಿದರೆ ರಕ್ತ ನಲ್ಲಿಯಂತೆ ಹರಿಯುತ್ತದೆ. ಆರೋಗ್ಯವಾಗಿದ್ದ ಹೆಣ್ಣೂ ಎರಡು ಗಂಟೆಯೊಳಗೆ ಸಾಯಬಹುದು. ತಡೆಯುವ ಮೊದಲ ದಾರಿ ಹೆರಿಗೆಯಾದ ತಕ್ಷಣ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಹೋದ ಫ್ರಿಜ್ಜಿನಲ್ಲಿದ್ದ ಔಷಧಿ ಕೈಕೊಡುತ್ತದೆ. ತಂಪು ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯ ಬಗ್ಗೆ ಜಗತ್ತಿಗೆ ದೊಡ್ಡ ಪುರಾವೆ ಸಿಕ್ಕಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. 1,620 ಮಹಿಳೆಯರ ಮೇಲೆ ನಡೆದ ಆ ಪ್ರಯೋಗದಲ್ಲಿ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾತ್ರೆ ಕೊಟ್ಟವರು ಡಾಕ್ಟರ್‌ಗಳಲ್ಲ, ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ ಅಕ್ಕಂದಿರು.

ಎರಡನೆಯದು ಬಿ.ಪಿ. ನಮ್ಮ ಕಡೆ ‘ನಂಜು’ ಅಂತಾರೆ. ‘ಬಸುರಿಗೆ ಕಾಲು ಊದೋದು ಮಾಮೂಲಿ’ ಅನ್ನುವ ಮಾತಿನ ಕೆಳಗೆ ಇದು ಅಡಗಿ ಕೂತಿರುತ್ತದೆ. ಕಾಲು ಊದಿದವರಿಗೆಲ್ಲ ನಂಜು ಇರುವುದಿಲ್ಲ, ನಿಜ. ಆದರೆ ಜೋರು ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ನೋವು ಜೊತೆಗೆ ಬಂದರೆ ಒಂದು ದಿನವೂ ಕಾಯಬಾರದು. ಮುಂದಿನ ಹಂತ ಫಿಟ್ಸ್. ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಇಂಜೆಕ್ಷನ್ ಈ ಫಿಟ್ಸಿನ ಅಪಾಯವನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತದೆ ಅನ್ನೋದು 2002ರಲ್ಲೇ ಸಾಬೀತಾಗಿದೆ.

ಮೂರನೆಯದು ಸೋಂಕು, ಅಂದರೆ ಸೆಪ್ಸಿಸ್. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಚಳಿಜ್ವರ, ವಾಸನೆಯ ಸ್ರಾವ, ಸಿಸೇರಿಯನ್ ಗಾಯದಲ್ಲಿ ಕೀವು. ಬಾಣಂತಿ ಕೋಣೆಯ ಕತ್ತಲಲ್ಲಿ, ಪಥ್ಯದ ಹೆಸರಲ್ಲಿ ನೀರು ಕೊಡದೇ ಮಲಗಿಸಿದ ಹೆಣ್ಣಿಗೆ ಜ್ವರ ಬಂದರೆ ‘ಹಾಲು ಕಟ್ಟಿರಬೇಕು’ ಅಂತ ಎರಡು ದಿನ ಕಳೆದುಬಿಡುತ್ತವೆ. ಇವುಗಳ ಜೊತೆಗೆ ಅಸುರಕ್ಷಿತ ಗರ್ಭಪಾತ, ಹೆರಿಗೆ ಮುಂದುವರಿಯದೆ ನಿಂತುಹೋಗುವುದು, ಮೊದಲೇ ಇದ್ದ ಹೃದಯದ ಕಾಯಿಲೆ ಸೇರುತ್ತವೆ.

ಇವೆಲ್ಲದರ ಅಡಿಯಲ್ಲಿ ಇರುವುದು ರಕ್ತಹೀನತೆ. ಹಿಮೋಗ್ಲೋಬಿನ್ 12 ಇರುವ ಹೆಣ್ಣು ತಾಳಿಕೊಳ್ಳುವ ರಕ್ತಸ್ರಾವವನ್ನು 7 ಇರುವ ಹೆಣ್ಣು ತಾಳುವುದಿಲ್ಲ. ಕರ್ನಾಟಕದ ಗರ್ಭಿಣಿಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇ. 45.4 ಇತ್ತು, 2019-21ರಲ್ಲಿ ಶೇ. 45.7. ಎಂಎಂಆರ್ ಇಷ್ಟು ಇಳಿದ ಕಾಲದಲ್ಲೂ ಈ ಅಂಕಿ ಅಲ್ಲಾಡಲಿಲ್ಲ. 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಶೇ. 21.3. ಅದೂ ಐದು ವರ್ಷ ಹಿಂದೆ ಇದ್ದಲ್ಲೇ ಇದೆ. ಆಸ್ಪತ್ರೆ ಬದಲಾಯಿತು, ಆಸ್ಪತ್ರೆಗೆ ಬರುವ ಹುಡುಗಿಯ ತಟ್ಟೆ ಮತ್ತು ಮದುವೆಯ ವಯಸ್ಸು ಬದಲಾಗಲಿಲ್ಲ.

ಮೂರು ವಿಳಂಬ, ನಮ್ಮ ರಸ್ತೆಗಳಲ್ಲಿ

ಥ್ಯಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕರು 1994ರಲ್ಲಿ ಈ ಸಾವುಗಳನ್ನು ಮೂರು ವಿಳಂಬಗಳಾಗಿ ನೋಡುವ ದಾರಿ ತೋರಿಸಿದರು. ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳುವ ವಿಳಂಬ, ಆಸ್ಪತ್ರೆ ಮುಟ್ಟುವ ವಿಳಂಬ, ಮುಟ್ಟಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವ ವಿಳಂಬ.

ಮೊದಲ ವಿಳಂಬಕ್ಕೆ ನಮ್ಮಲ್ಲಿ ಒಂದು ವಿಶೇಷ ರೂಪ ಇದೆ: ತವರುಮನೆ. ಏಳನೇ ತಿಂಗಳಿಗೆ ಹುಡುಗಿ ತವರಿಗೆ ಹೋಗುತ್ತಾಳೆ. ಗೌರಿಬಿದನೂರಿನ ಸೊಸೆಗೆ ತವರು ಹಿಂದೂಪುರದ ಕಡೆ ಇರಬಹುದು, ಚಿಂತಾಮಣಿಯ ಸೊಸೆಗೆ ಮದನಪಲ್ಲಿಯ ಕಡೆ. ಗಡಿಯ ಎರಡೂ ಕಡೆ ತೆಲುಗು, ಕನ್ನಡ ಎರಡೂ ನಡೆಯುತ್ತವೆ, ನೆಂಟಸ್ತನಕ್ಕೆ ರಾಜ್ಯದ ಗಡಿ ಇಲ್ಲ. ಆದರೆ ಆಶಾ ಅಕ್ಕನ ರಿಜಿಸ್ಟರಿಗೆ ಗಡಿ ಇದೆ. ಆರು ತಿಂಗಳು ಆಕೆಯ ಬಿ.ಪಿ., ರಕ್ತ ನೋಡಿಕೊಂಡಿದ್ದವರು ಒಬ್ಬರು, ಅಪಾಯದ ತಿಂಗಳಲ್ಲಿ ಆಕೆ ಇರುವುದು ಇನ್ನೊಬ್ಬರ ಊರಲ್ಲಿ. ತಾಯಿ ಕಾರ್ಡ್ ಕೈಯಲ್ಲಿರುತ್ತದೆ, ಆಕೆಯನ್ನು ಬಲ್ಲವರು ಇರುವುದಿಲ್ಲ.

ಎರಡನೆಯ ವಿಳಂಬದಲ್ಲಿ ಸುಧಾರಣೆ ಆಗಿದೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಸುಮಾರು 20 ಕಿಲೋಮೀಟರ್, ಗೌರಿಬಿದನೂರು ಮತ್ತು ಚಿಂತಾಮಣಿಯಿಂದ ಹತ್ತಿರ ಹತ್ತಿರ 40. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ 60ರ ಒಳಗೆ. ನಕ್ಷೆಯಲ್ಲಿ ನೋಡಿದರೆ ಇದು ದೂರವೇ ಅಲ್ಲ. ಈ ಹತ್ತಿರವೇ ಒಂದು ಕೆಟ್ಟ ಅಭ್ಯಾಸವನ್ನೂ ಬೆಳೆಸಿದೆ. ಸ್ವಲ್ಪ ತೊಡಕು ಕಂಡರೂ ‘ಬೆಂಗಳೂರಿಗೆ ಹೋಗಿ’. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಾಣಿವಿಲಾಸಕ್ಕೆ, ಚಿಂತಾಮಣಿಯವರಾದರೆ ಕೋಲಾರಕ್ಕೆ. ಒಂದೊಂದು ಕಡೆಯೂ ಇಳಿಸಿ, ಚೀಟಿ ಬರೆಸಿ, ಮತ್ತೆ ಹತ್ತಿಸುವಷ್ಟರಲ್ಲಿ ಆ ಎರಡು ಗಂಟೆ ಮುಗಿದಿರುತ್ತದೆ.

ಮೂರನೆಯ ವಿಳಂಬವೇ ಇವತ್ತಿನ ಮುಖ್ಯ ಪ್ರಶ್ನೆ. ಮೊದಲ ರೆಫರಲ್ ಘಟಕ ಎಂದು ಗುರುತಿಸಿದ ಆಸ್ಪತ್ರೆಯಲ್ಲಿ ನಿಯಮದ ಪ್ರಕಾರ ದಿನದ 24 ಗಂಟೆಯೂ ಸಿಸೇರಿಯನ್ ಆಗಬೇಕು, ರಕ್ತ ಸಂಗ್ರಹ ಇರಬೇಕು, ನವಜಾತ ಶಿಶು ಆರೈಕೆ ಇರಬೇಕು. ಪ್ರಸೂತಿ ತಜ್ಞೆ ಇದ್ದು ಅರಿವಳಿಕೆ ತಜ್ಞರು ಇಲ್ಲದಿದ್ದರೆ ಆ ಆಸ್ಪತ್ರೆ ರಾತ್ರಿ ಹೊತ್ತು ಬೋರ್ಡ್ ಮಾತ್ರ. ನಮ್ಮ ಜಿಲ್ಲೆಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಮುದ್ದೇನಹಳ್ಳಿಯಲ್ಲಿ ಇನ್ನೊಂದು ಉಚಿತ ವೈದ್ಯಕೀಯ ಕಾಲೇಜು 2023ರಲ್ಲಿ ಉದ್ಘಾಟನೆಯಾಗಿದೆ. ಒಳ್ಳೆಯದೇ. ಆದರೆ ಜಿಲ್ಲಾ ಕೇಂದ್ರದ ಪಕ್ಕದಲ್ಲಿ ಕಾಲೇಜು ಇದ್ದರೆ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿ ತಾನಾಗಿ ತುಂಬುವುದಿಲ್ಲ.

ಬಾಗಿಲಿನವರೆಗೆ ಬಂದವಳಿಗೂ ಬಾಗಿಲು ತೆರೆಯದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಗೌರಿಬಿದನೂರಿನ ಪಕ್ಕದ ತುಮಕೂರು ಸಾಕ್ಷಿ. 2022ರ ನವೆಂಬರ್‌ನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಗೆ ಬಂದ ತಮಿಳು ಮೂಲದ ಬಡ ಗರ್ಭಿಣಿಯನ್ನು ತಾಯಿ ಕಾರ್ಡ್, ಆಧಾರ್ ಇಲ್ಲ ಅಂತ ವಾಪಸ್ ಕಳಿಸಲಾಯಿತು. ಆಕೆ ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು, ಮಕ್ಕಳ ಜೊತೆಗೇ ಸತ್ತರು. ವೈದ್ಯೆ ಮತ್ತು ನರ್ಸ್‌ಗಳ ಅಮಾನತು ಆಯಿತು. ತಾಯಿ ಕಾರ್ಡ್ ಇರುವುದು ಹೆಣ್ಣನ್ನು ಒಳಗೆ ಕರೆಯುವುದಕ್ಕೆ. ಅದನ್ನೇ ಹೊರಗೆ ನಿಲ್ಲಿಸುವ ಸಾಧನ ಮಾಡಿಕೊಂಡೆವು.

ಬಳ್ಳಾರಿ ಹೇಳಿದ್ದು

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು, ಒಟ್ಟು ಐವರು. ಅನುಮಾನ ಹೋದದ್ದು ಅವರಿಗೆ ಕೊಟ್ಟ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಐವಿ ದ್ರಾವಣದ ಮೇಲೆ. ಅದನ್ನು ಪೂರೈಸಿದ್ದು ಪಶ್ಚಿಮ ಬಂಗಾಳದ ಒಂದು ಕಂಪನಿ. ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ಆ ವರ್ಷದ ತಾಯಂದಿರ ಸಾವುಗಳೆಲ್ಲದರ ಆಡಿಟ್ ಮಾಡಿಸಿತು.

ಆ ಆಡಿಟ್ ನಮ್ಮೆಲ್ಲರಿಗೂ ಮುಖ್ಯ. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ 464 ತಾಯಂದಿರು ಸತ್ತಿದ್ದರು. ಅವುಗಳಲ್ಲಿ ಶೇ. 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂದು ವರದಿ ಹೇಳಿತು. ಗಮನಿಸಿ, ಇದು ವಿರೋಧ ಪಕ್ಷದ ಆರೋಪ ಅಲ್ಲ, ಸರ್ಕಾರವೇ ಮಾಡಿಸಿದ ಲೆಕ್ಕ. ಐದು ಸಾವುಗಳ ಸುತ್ತ ನಡೆದ ಗದ್ದಲದಲ್ಲಿ ಉಳಿದ ನಾನೂರೈವತ್ತಕ್ಕೂ ಹೆಚ್ಚು ಸಾವುಗಳು ಮರೆಗೆ ಸರಿದವು. ಐವಿ ಬಾಟಲಿ ಸರಿಯಿದ್ದ ಕಡೆಯೂ ಹೆಣ್ಣುಮಕ್ಕಳು ಸತ್ತಿದ್ದಾರೆ.

ಕೇರಳ ಏನು ಮಾಡಿತು?

2001-03ರಲ್ಲಿ ಕೇರಳದ ಎಂಎಂಆರ್ 110 ಇತ್ತು. ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟ ಸರ್ಕಾರದ ಜೊತೆ ಸೇರಿ 2004ರಿಂದ ಪ್ರತಿ ತಾಯಿ ಮರಣದ ಗೋಪ್ಯ ಪರಿಶೀಲನೆ ಶುರು ಮಾಡಿತು. ತಾಯಿಯ ಹೆಸರಿಲ್ಲ, ಡಾಕ್ಟರ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ. ಏನಾಯಿತು, ಎಲ್ಲಿ ತಪ್ಪಿತು, ಮುಂದೆ ಏನು ಮಾಡಬೇಕು ಅಷ್ಟೇ. ಬ್ರಿಟನ್ 1952ರಿಂದಲೇ ಇಂಥದ್ದನ್ನು ಮಾಡಿಕೊಂಡು ಬಂದಿದೆ. ಪರಿಶೀಲನೆಯಲ್ಲಿ ಕಂಡದ್ದರ ಮೇಲೆ ರಕ್ತಸ್ರಾವ, ಬಿ.ಪಿ. ನಿರ್ವಹಣೆಗೆ ನಿಯಮಗಳನ್ನು ಮಾಡಿ ಲೇಬರ್ ವಾರ್ಡುಗಳಲ್ಲಿ ಅಭ್ಯಾಸ ಮಾಡಿಸಿದರು. ಕೇರಳಕ್ಕೆ ಶಿಕ್ಷಣದ, ಆರೋಗ್ಯ ವ್ಯವಸ್ಥೆಯ ಹಳೆಯ ಬುನಾದಿ ಇದೆ ಅನ್ನೋದು ಸರಿ. ಆದರೆ 110ರಿಂದ 19ಕ್ಕೆ ಬಂದದ್ದು ಬುನಾದಿಯೊಂದರಿಂದಲೇ ಅಲ್ಲ.

ಇದಕ್ಕೆಲ್ಲ ದುಬಾರಿ ಯಂತ್ರ ಬೇಕೇ? 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆಯಿತು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಅಳತೆ ಗುರುತಿರುವ ಪ್ಲಾಸ್ಟಿಕ್ ಚೀಲ ಹಾಸಿ ರಕ್ತವನ್ನು ಅಳೆಯುವುದು, ಮಿತಿ ದಾಟಿದರೆ ಗರ್ಭಕೋಶ ತೀಡುವುದು, ಔಷಧಿಗಳು, ಐವಿ ದ್ರಾವಣ, ಪರೀಕ್ಷೆ ಎಲ್ಲವನ್ನೂ ಒಟ್ಟಿಗೇ ಶುರು ಮಾಡುವುದು. ಇಷ್ಟರಿಂದ ತೀವ್ರ ರಕ್ತಸ್ರಾವ ಮತ್ತು ಅದರ ಪರಿಣಾಮಗಳು ಶೇ. 60ರಷ್ಟು ಕಡಿಮೆಯಾದವು. ಕಣ್ಣಂದಾಜಿನಲ್ಲಿ ‘ಅಷ್ಟೇನಿಲ್ಲ’ ಅನ್ನುವುದನ್ನು ಬಿಟ್ಟು ಅಳೆದದ್ದೇ ದೊಡ್ಡ ವ್ಯತ್ಯಾಸ.

ನಾವು ಏನು ಕೇಳಬೇಕು?

ಪ್ರತಿ ತಾಯಿ ಮರಣದ ಪರಿಶೀಲನೆ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. 2010ರಲ್ಲಿ ಬಂದದ್ದನ್ನು 2017ರಲ್ಲಿ ಪರಿಷ್ಕರಿಸಿದರು. ಊರಿನಲ್ಲಿ ಆದ ಸಾವಿಗೂ, ಆಸ್ಪತ್ರೆಯಲ್ಲಿ ಆದ ಸಾವಿಗೂ ವಿಚಾರಣೆ ಆಗಬೇಕು. ಜಿಲ್ಲಾ ಸಮಿತಿ ಕೂರಬೇಕು, ಜಿಲ್ಲಾಧಿಕಾರಿ ಪರಿಶೀಲಿಸಬೇಕು. ಆ ಸಭೆಗೆ ಸತ್ತ ಮಹಿಳೆಯ ಸಂಬಂಧಿಕರನ್ನು ಕರೆದು ಅವರ ಮಾತು ಕೇಳಬೇಕು ಅಂತಲೂ ಇದೆ. ನಿಮ್ಮ ಊರಲ್ಲಿ ಯಾರಾದರೂ ಅಂತಹ ಸಭೆಗೆ ಹೋಗಿ ಬಂದದ್ದನ್ನು ಕೇಳಿದ್ದೀರಾ?

ಹಾಗಾಗಿ ನಮ್ಮ ಜಿಲ್ಲೆಗೆ ನನ್ನ ಬೇಡಿಕೆ ನಾಲ್ಕೇ. ಒಂದು, ಹೆಸರು, ಗುರುತು ತೆಗೆದು, ವರ್ಷಕ್ಕೊಮ್ಮೆ ಜಿಲ್ಲೆಯ ತಾಯಿ ಮರಣಗಳ ಕಾರಣಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ: ಯಾವ ವಿಳಂಬ, ಏನು ಕೊರತೆ, ಏನು ಸರಿಪಡಿಸಿದಿರಿ. ಎರಡು, ಪ್ರತಿ ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಇವತ್ತು ರಾತ್ರಿ ಪ್ರಸೂತಿ ತಜ್ಞರು ಇದ್ದಾರಾ, ಅರಿವಳಿಕೆ ತಜ್ಞರು ಇದ್ದಾರಾ, ರಕ್ತ ಎಷ್ಟು ಯೂನಿಟ್ ಇದೆ ಅಂತ ಬರೆದು ಹಾಕಿ. 108ರ ಚಾಲಕನಿಗೂ ಅದು ಗೊತ್ತಿರಲಿ, ಮುಚ್ಚಿದ ಬಾಗಿಲಿಗೆ ಗಾಡಿ ಓಡಿಸುವುದು ತಪ್ಪುತ್ತದೆ. ಮೂರು, ತವರಿಗೆ ಹೋಗುವ ಗರ್ಭಿಣಿಯ ಮಾಹಿತಿಯನ್ನು ಒಬ್ಬ ಆಶಾ ಇನ್ನೊಬ್ಬ ಆಶಾಗೆ ಫೋನಿನಲ್ಲಿ ಒಪ್ಪಿಸುವ ಪದ್ಧತಿ ಆಗಲಿ, ಆಂಧ್ರದ ಗಡಿಯಾಚೆಗೂ. ನಾಲ್ಕು, ಈ ಕೆಲಸ ಮಾಡುವವರಿಗೆ ಸಂಬಳ ಕೊಡಿ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತದ್ದು ತಿಂಗಳಿಗೆ 15 ಸಾವಿರ ಗೌರವಧನಕ್ಕಾಗಿ. ಸಿಕ್ಕಿದ್ದು 10 ಸಾವಿರದ ಭರವಸೆ.

ಇವು ಚುನಾವಣೆಯಲ್ಲಿ ಕೇಳಬಹುದಾದ ಪ್ರಶ್ನೆಗಳು. ಶಾಸಕರು ಆಸ್ಪತ್ರೆ ಕಟ್ಟಡ ಉದ್ಘಾಟಿಸಲು ಬಂದಾಗ ‘ರಾತ್ರಿ ಎರಡು ಗಂಟೆಗೆ ಇಲ್ಲಿ ಸಿಸೇರಿಯನ್ ಆಗುತ್ತಾ?’ ಅಂತ ಒಬ್ಬರು ಎದ್ದು ಕೇಳಿದರೆ ಸಾಕು. ಗ್ರಾಮಸಭೆಯಲ್ಲಿ ಕೇಳಿ. ಮಾಹಿತಿ ಹಕ್ಕು ಅರ್ಜಿ ಹಾಕಿ. ಸುರಕ್ಷಿತ ಹೆರಿಗೆ ಸರ್ಕಾರದ ಕೃಪೆ ಅಲ್ಲ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ದೆಹಲಿ ಹೈಕೋರ್ಟ್ 2010ರಲ್ಲೇ ಹೇಳಿದೆ.

ಅಕ್ಕನ ಮಗನಿಗೆ ಈಗ ಮಾತು ಬಂದಿದೆ. ತನ್ನ ಹುಟ್ಟುಹಬ್ಬದ ದಿನ ಅಜ್ಜಿ ಯಾಕೆ ಸುಮ್ಮನೆ ಒಂದು ಕಡೆ ಕೂತುಬಿಡುತ್ತಾಳೆ ಅಂತ ಕೇಳುತ್ತಾನೆ. ಆವತ್ತು ರಾತ್ರಿ ಇಲ್ಲದಿದ್ದ ಅರಿವಳಿಕೆ ಡಾಕ್ಟರು ಈಗ ಆ ಆಸ್ಪತ್ರೆಗೆ ಬಂದಿದ್ದಾರಾ ಅಂತ ವಿಚಾರಿಸಿ ನಾನೂ ಒಂದು ಅರ್ಜಿ ಬರೆದಿಟ್ಟಿದ್ದೇನೆ. ಈ ವಾರ ಹಾಕುತ್ತೇನೆ.